ನಲ್ಲಿ ತಿರುಗಿಸಿದರೆ ಬಿಸಿನೀರು



ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ದೇವಾಪುರ ಎಂಬ ಊರಿದೆ. ಅಲ್ಲಿ ನನ್ನ ಸೋದರತ್ತೆಯ ಮನೆ. ಆ ಬಿಸಿಲ ಸೀಮೆಗೂ ಬಿಸಿನೀರಿಗೂ ಏನು ಸಂಬಂಧ ಎಂದು ನಗಬೇಡಿ. ಮೇ ತಿಂಗಳ ಮಧ್ಯಾಹ್ನ ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನಿಂದ ಕೈ ಸುಡುವ ನೀರು ಬರುತ್ತದೆ, ನಿಜ. ಯಾರೂ ಕೇಳದಿದ್ದರೂ ಬರುತ್ತದೆ. ಆದರೆ ಎಳ್ಳಮಾವಾಸ್ಯೆಯ ಹೊತ್ತಿಗೆ ಬೆಳಗಿನ ಜಾವ ಅದೇ ನಲ್ಲಿಯ ಕೆಳಗೆ ಕೈಯಿಟ್ಟು ನೋಡಿ, ಬಿಸಿನೀರಿನ ಬೆಲೆ ಗೊತ್ತಾಗುತ್ತದೆ.

ಅತ್ತೆಯ ಮನೆಯ ಬಚ್ಚಲಲ್ಲಿ ಬಹುಕಾಲದಿಂದ ಒಂದು ತಾಮ್ರದ ಹಂಡೆ ಇದೆ. ಕೆಳಗೆ ಒಲೆ. ಒಲೆಗೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ. ಅವು ಮುಗಿದರೆ ಜಾಲಿ. ಅತ್ತೆ ಕೋಳಿ ಕೂಗುವ ಮೊದಲೇ ಎದ್ದು ಒಲೆ ಹೊತ್ತಿಸುವವರು. ಒಂದು ಚಳಿಗಾಲ ನಾನು ಅಲ್ಲಿದ್ದಾಗ, ಇಂಗ್ಲೆಂಡಿನಲ್ಲಿ ಕೆಲಸಕ್ಕಿರುವ ಅವರ ಮೊಮ್ಮಗ ವಿಡಿಯೋ ಕರೆ ಮಾಡಿದ. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಒಂದು ಬಿಳಿ ಪೆಟ್ಟಿಗೆಯನ್ನು ತೋರಿಸಿ, “ನೋಡಮ್ಮ, ಇದರ ಹೆಸರು ಕಾಂಬಿ ಬಾಯ್ಲರ್. ನಲ್ಲಿ ತಿರುವಿದ್ರ ಸಾಕು, ಬಿಸಿನೀರು ಬರ್ತದ. ಹಂಡೆನೂ ಇಲ್ಲ, ಕಾಯಾದೂ ಇಲ್ಲ” ಎಂದ.

ಅತ್ತೆ ಸ್ವಲ್ಪ ಹೊತ್ತು ಆ ಪೆಟ್ಟಿಗೆಯನ್ನೇ ನೋಡಿದರು. ಆಮೇಲೆ ಎರಡು ಪ್ರಶ್ನೆ ಕೇಳಿದರು. “ಒಲಿ ಎಲ್ಲದಪ್ಪ? ಹೊಗಿ ಎಲ್ಲಿ ಹೋಗ್ತದ?”

ಮೊಮ್ಮಗ ನಕ್ಕು ಮಾತು ಬದಲಿಸಿದ. ನನಗೆ ಮಾತ್ರ ಆ ಪ್ರಶ್ನೆಗಳು ಬಹಳ ದಿನ ಮನಸ್ಸಿನಲ್ಲಿ ಉಳಿದವು. ಎರಡನೆಯ ಪ್ರಶ್ನೆಯನ್ನು ಕೇಳದೆ ನಮ್ಮ ರಾಜ್ಯದಲ್ಲಿ ಎಷ್ಟೋ ಮನೆಗಳು ಜೀವಗಳನ್ನು ಕಳೆದುಕೊಂಡಿವೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಲೆಯ ವಿಷಯ.

ನೀರು ಶಾಖದ ವಿಷಯದಲ್ಲಿ ಬಹಳ ಹೊಟ್ಟೆಬಾಕ. ಒಂದು ಕಿಲೊಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.2 ಕಿಲೊಜೂಲ್ ಶಾಖ ಬೇಕು. ಇದನ್ನು ನೀರಿನ ವಿಶಿಷ್ಟೋಷ್ಣ ಎಂದು ನೀವು ಪಾಠದಲ್ಲಿ ಓದಿದ್ದೀರಿ, ಪರೀಕ್ಷೆಯಲ್ಲಿ ಬರೆದೂ ಇದ್ದೀರಿ. ಈಗ ಅದನ್ನು ಬಚ್ಚಲಿಗೆ ತೆಗೆದುಕೊಂಡು ಹೋಗೋಣ. ಕಾಗದ, ಪೆನ್ಸಿಲ್ ಹಿಡಿಯಿರಿ. ಒಂದು ಬಕೆಟ್ಟಿನಲ್ಲಿ 20 ಲೀಟರ್ ನೀರು. ಅದನ್ನು 20 ಡಿಗ್ರಿಯಿಂದ ಮೈಗೆ ಹಿತವೆನಿಸುವ 40 ಡಿಗ್ರಿಗೆ ತರಬೇಕು. 20 ಕಿಲೊಗ್ರಾಂ, 20 ಡಿಗ್ರಿ, 4.2 — ಮೂರನ್ನೂ ಗುಣಿಸಿದರೆ 1,680 ಕಿಲೊಜೂಲ್. ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ ಅರ್ಧ ಯೂನಿಟ್.

ಅರ್ಧ ಯೂನಿಟ್ ದೊಡ್ಡದಲ್ಲ. ಆದರೆ ಅಷ್ಟನ್ನು ಎಷ್ಟು ಹೊತ್ತಿನಲ್ಲಿ ಕೊಡಬೇಕು ಎಂಬಲ್ಲಿ ಎಲ್ಲ ಗುಟ್ಟೂ ಇದೆ. ಒಂದು ಕಿಲೊವಾಟ್ ಶಕ್ತಿಯ ಕಾಯಿಲನ್ನು ಬಕೆಟ್ಟಿನಲ್ಲಿ ಇಳಿಬಿಟ್ಟರೆ 28 ನಿಮಿಷ ಕಾಯಬೇಕು. ಮೂರು ಕಿಲೊವಾಟಿನ ವಿದ್ಯುತ್ ಗೀಸರ್ ಆದರೆ ಒಂಬತ್ತು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ನಲ್ಲಿ ತಿರುಗಿಸಿದ ಕೂಡಲೇ, ನಿಮಿಷಕ್ಕೆ ಆರು ಲೀಟರಿನಂತೆ, ನೀರು ಹರಿಯುತ್ತಿರುವಾಗಲೇ ಅದನ್ನು 25 ಡಿಗ್ರಿ ಬಿಸಿ ಮಾಡಬೇಕಾದರೆ? ಲೆಕ್ಕ ಮಾಡಿ ನೋಡಿ: 10.5 ಕಿಲೊವಾಟ್ ಬೇಕು. ನಮ್ಮ 230 ವೋಲ್ಟಿನ ಮನೆಯಲ್ಲಿ ಅದಕ್ಕೆ 45 ಆಂಪಿಯರಿಗೂ ಹೆಚ್ಚು ವಿದ್ಯುತ್ತು ಹರಿಯಬೇಕು. ಗೋಡೆಯ ಮೇಲಿನ ದೊಡ್ಡ ಪ್ಲಗ್ಗು ತಾಳುವುದು 16 ಆಂಪಿಯರ್ ಮಾತ್ರ. ಆದ್ದರಿಂದಲೇ ‘ಇನ್‌ಸ್ಟಂಟ್’ ಎಂದು ಮಾರುವ ಮೂರು ಕಿಲೊವಾಟಿನ ವಿದ್ಯುತ್ ಗೀಸರ್, 20 ಡಿಗ್ರಿ ಬಿಸಿ ಮಾಡಿದ ನೀರನ್ನು ಎಡೆಬಿಡದೆ ಕೊಡಬೇಕೆಂದರೆ ನಿಮಿಷಕ್ಕೆ ಎರಡು ಲೀಟರಿಗಿಂತ ಸ್ವಲ್ಪವೇ ಹೆಚ್ಚು ಕೊಡಬಲ್ಲದು. ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಉಗುರುಬೆಚ್ಚಗಿನ ನೀರೇ ಗತಿ. ಅಂಗಡಿಯವನಿಗೆ ಬೈದು ಪ್ರಯೋಜನವಿಲ್ಲ, ನೀರಿನ ಸ್ವಭಾವವೇ ಹಾಗೆ.

ಬರುವ ವಿದ್ಯುತ್ತಾದರೂ ಎಲ್ಲಿಂದ ಬರುತ್ತದೆ? ಆ ಸೀಮೆಯವರಿಗೆ ರಾಯಚೂರು ಬಳಿಯ ಶಕ್ತಿನಗರದ ಎತ್ತರದ ಚಿಮಣಿಗಳು ಗೊತ್ತು. ಕೃಷ್ಣೆಯ ದಂಡೆಯ ಆ ಉಷ್ಣ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಅಲ್ಲಿ ಕಲ್ಲಿದ್ದಲು ಸುಟ್ಟು ನೀರನ್ನು ಹಬೆ ಮಾಡಿ, ಹಬೆಯಿಂದ ಚಕ್ರ ತಿರುಗಿಸಿ, ವಿದ್ಯುತ್ತನ್ನು ತಂತಿಯಲ್ಲಿ ಕಳಿಸಿ, ಆ ವಿದ್ಯುತ್ತಿನಿಂದ ಇಲ್ಲಿ ಮತ್ತೆ ನೀರು ಕಾಯಿಸುತ್ತೇವೆ. ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ನೀರು ಕಾಯಿಸಲು ನೀರು ಕಾಯಿಸುವ ಈ ಸುತ್ತುದಾರಿ ಯೋಚಿಸಿದರೆ ಸೋಜಿಗವೇ.

ಅವಸರದ ಬಿಸಿನೀರಿಗೆ ನೇರವಾದ ಬೆಂಕಿಯೇ ಸುಲಭ. ಅತ್ತೆಯ ಹಂಡೆಯೂ ಅದನ್ನೇ ಮಾಡುತ್ತದೆ, ಆದರೆ ನಿಧಾನವಾಗಿ. ಬೆಂಕಿ ಹಂಡೆಯ ತಳವನ್ನಷ್ಟೇ ಮುಟ್ಟುತ್ತದೆ, ಶಾಖದ ಬಹುಪಾಲು ಪಕ್ಕದಿಂದ ಹಾರಿಹೋಗುತ್ತದೆ. ಹಂಡೆಗಿಂತ ಒಂದು ಮೆಟ್ಟಿಲು ಮುಂದಿನದು ತಾಮ್ರದ ಬಾಯ್ಲರ್. ಮರಾಠಿ ಮಾತಿನ ಕಡೆ ಅದಕ್ಕೆ ಬಂಬ ಎನ್ನುತ್ತಾರೆ. ನಿಂತ ಪೀಪಾಯಿಯಂಥ ಅದರ ನಡುವೆ ಒಂದು ಕೊಳವೆ ಇರುತ್ತದೆ. ಕೊಳವೆಯೊಳಗೆ ಕೆಂಡ, ಸುತ್ತಲೂ ನೀರು. ಬೆಂಕಿಯನ್ನು ನೀರಿನ ಕೆಳಗಿಡುವ ಬದಲು ನೀರಿನ ಹೊಟ್ಟೆಯೊಳಗೇ ಇಟ್ಟ ಹಾಗಾಯಿತು. ಬೆಂಕಿ ಮತ್ತು ನೀರಿನ ನಡುವಿನ ಲೋಹದ ಮೈ ಹೆಚ್ಚಾದಷ್ಟೂ ಶಾಖ ಬೇಗ ದಾಟುತ್ತದೆ. ಆ ಕಂಚುಗಾರರು ಇದನ್ನು ಪುಸ್ತಕ ಓದಿ ಕಲಿತವರಲ್ಲ.

ಈ ಉಪಾಯವನ್ನು ಇನ್ನೂ ಮುಂದಕ್ಕೆ ಒಯ್ದರೆ ಸಿಗುವುದೇ ಗ್ಯಾಸ್ ಗೀಸರ್. ಅದರ ಮುಚ್ಚಳ ತೆಗೆದರೆ ಕೆಳಗಡೆ ಸಾಲಾಗಿ ಉರಿಯುವ ಬರ್ನರು ಕಾಣುತ್ತದೆ. ಮೇಲ್ಗಡೆ ಬೆರಳ ದಪ್ಪದ ತಾಮ್ರದ ಕೊಳವೆ ಹಾವಿನಂತೆ ಮಡಚಿಕೊಂಡಿರುತ್ತದೆ, ಅದಕ್ಕೆ ಪುಸ್ತಕದ ಹಾಳೆಗಳಂತೆ ಒತ್ತಾಗಿ ಪೋಣಿಸಿದ ತೆಳು ತಗಡುಗಳು. ಇದೇ ಉಷ್ಣ ವಿನಿಮಯಕ. ಬೆಂಕಿಯ ಬಿಸಿಗಾಳಿ ಹಾಳೆಗಳ ನಡುವೆ ನುಸುಳುವಾಗ ಶಾಖ ತಾಮ್ರಕ್ಕೆ, ತಾಮ್ರದಿಂದ ನೀರಿಗೆ ದಾಟುತ್ತದೆ. ನೀರು ಒಳಗಿರುವುದು ಕೆಲವೇ ಸೆಕೆಂಡು.

ನಲ್ಲಿ ತಿರುಗಿಸಿದ್ದು ಬೆಂಕಿಗೆ ಹೇಗೆ ತಿಳಿಯುತ್ತದೆ? ಗೀಸರಿನೊಳಗೆ ಒಂದು ರಬ್ಬರಿನ ಪೊರೆ ಇದೆ. ನೀರು ಹರಿಯತೊಡಗಿದಾಗ ಪೊರೆಯ ಎರಡೂ ಬದಿಯ ಒತ್ತಡದಲ್ಲಿ ವ್ಯತ್ಯಾಸ ಉಂಟಾಗುತ್ತದೆ. ಪೊರೆ ಒಂದು ಕಡೆಗೆ ಉಬ್ಬಿ ಒಂದು ಕಡ್ಡಿಯನ್ನು ತಳ್ಳುತ್ತದೆ. ಕಡ್ಡಿ ಅನಿಲದ ಕವಾಟವನ್ನು ತೆರೆಯುತ್ತದೆ, ಒಂದು ಪುಟ್ಟ ಸ್ವಿಚ್ಚನ್ನೂ ಒತ್ತುತ್ತದೆ. ಟಾರ್ಚಿಗೆ ಹಾಕುವಂಥ ಎರಡು ಸೆಲ್ಲುಗಳ ಬಲದಿಂದ ಕಿಡಿ ಹಾರುತ್ತದೆ. ಭುಗ್ ಎಂದು ಜ್ವಾಲೆ ಏಳುತ್ತದೆ. ನಲ್ಲಿ ನಿಲ್ಲಿಸಿದರೆ ಪೊರೆ ಹಿಂದೆ ಸರಿಯುತ್ತದೆ, ಬೆಂಕಿ ನಂದುತ್ತದೆ. ನೀರೇ ಬೆಂಕಿಯ ಕಾವಲುಗಾರ. ಟ್ಯಾಂಕು ತಕ್ಕಷ್ಟು ಎತ್ತರದಲ್ಲಿ ಇಲ್ಲದಿದ್ದರೆ ಗೀಸರ್ ಹೊತ್ತಿಕೊಳ್ಳದಿರಲು ಇದೇ ಕಾರಣ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ. ಒಂದೇ ಅಂತಸ್ತಿನ ಮಾಳಿಗೆಯ ಟ್ಯಾಂಕು ಕೊಡುವ ಒತ್ತಡ ಅದರ ಮೂರನೇ ಒಂದು ಪಾಲೂ ಇರದು.

ನಮ್ಮ ಕೊಳವೆಬಾವಿಯ ಗಡಸು ನೀರು ಇನ್ನೊಂದು ತೊಂದರೆ ಕೊಡುತ್ತದೆ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಯಾದಾಗ ಒಡೆದು ಸುಣ್ಣಕಲ್ಲಿನಂತೆ ಕೊಳವೆಯ ಒಳಮೈಗೆ ಅಂಟುತ್ತದೆ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರು ಅದೇ. ತಾಮ್ರಕ್ಕೆ ಹೋಲಿಸಿದರೆ ಆ ಪದರು ಶಾಖವನ್ನು ದಾಟಿಸುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಬೆಂಕಿ ಅಷ್ಟೇ ಉರಿದರೂ ನೀರು ಬೆಚ್ಚಗಾಗದು.

ಈಗ ಇಂಗ್ಲೆಂಡಿನ ಆ ಬಿಳಿ ಪೆಟ್ಟಿಗೆಗೆ ಬರೋಣ. ಕಾಂಬಿ ಎಂದರೆ ಕಾಂಬಿನೇಷನ್, ಎರಡು ಕೆಲಸ ಕೂಡಿದ್ದು. ಅದು ಚಳಿ ದೇಶ. ಅಲ್ಲಿ ಮೈ ತೊಳೆಯಲು ಮಾತ್ರವಲ್ಲ, ಮನೆ ಬೆಚ್ಚಗಿಡಲೂ ಬಿಸಿನೀರು ಬೇಕು. ಕೋಣೆ ಕೋಣೆಯ ಗೋಡೆಗೂ ರೇಡಿಯೇಟರ್ ಎಂಬ ಕಬ್ಬಿಣದ ಪಟ್ಟಿಗಳಿರುತ್ತವೆ. ಬಾಯ್ಲರಿನಿಂದ ಹೊರಟ ಬಿಸಿನೀರು ಅವುಗಳಲ್ಲಿ ಸುತ್ತಿ, ಶಾಖ ಬಿಟ್ಟು, ಮತ್ತೆ ಬಾಯ್ಲರಿಗೇ ಬರುತ್ತದೆ. ಆ ನೀರು ಎಂದೂ ಬಕೆಟ್ಟಿಗೆ ಬರುವುದಿಲ್ಲ. ಒಂದೇ ನೀರು ವರ್ಷಗಟ್ಟಲೆ ಸುತ್ತುತ್ತಿರುತ್ತದೆ.

ಹಾಗಾದರೆ ಸ್ನಾನದ ನೀರು? ಯಾರೋ ಬಚ್ಚಲಲ್ಲಿ ನಲ್ಲಿ ತಿರುಗಿಸುತ್ತಾರೆ. ಬೀದಿಯ ಕೊಳವೆಯಿಂದ ತಣ್ಣೀರು ಬಾಯ್ಲರಿನೊಳಗೆ ನುಗ್ಗುವ ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಜಾತ್ರೆಯ ಗಿರಗಟ್ಟೆಯಂಥ ಚಕ್ರ. ಅದರಲ್ಲಿ ಒಂದು ಅಯಸ್ಕಾಂತ. ಚಕ್ರ ಎಷ್ಟು ವೇಗದಲ್ಲಿ ಸುತ್ತುತ್ತಿದೆ ಎಂಬುದನ್ನು ಎಲೆಕ್ಟ್ರಾನಿಕ್ ಗ್ರಾಹಕ ಎಣಿಸಿ, ನಿಮಿಷಕ್ಕೆ ಎಷ್ಟು ನೀರು ಹರಿಯುತ್ತಿದೆ ಎಂದು ಲೆಕ್ಕ ಹಾಕುತ್ತದೆ. ಒಡನೆಯೇ ಒಂದು ಕವಾಟ ಹೊರಳುತ್ತದೆ. ರೇಡಿಯೇಟರುಗಳ ಕಡೆ ಹೋಗುತ್ತಿದ್ದ ಬಿಸಿನೀರಿನ ದಾರಿ ಮುಚ್ಚಿ ಇನ್ನೊಂದು ಕಡೆಗೆ ತೆರೆದುಕೊಳ್ಳುತ್ತದೆ. ನಾರಾಯಣಪುರದ ಕಾಲುವೆಯ ತೂಬಿನಲ್ಲಿ ಒಂದು ಹಲಗೆ ಇಳಿಸಿ ಇನ್ನೊಂದನ್ನು ಎತ್ತಿದ ಹಾಗೆ ಎಂದರೆ ನಿಮ್ಮ ಕಡೆಯವರಿಗೆ ಬೇಗ ತಿಳಿದೀತು.

ಆ ಇನ್ನೊಂದು ಕಡೆ ಇರುವುದು ಅಂಗೈಯಷ್ಟು ಅಗಲದ ಉಕ್ಕಿನ ಇಟ್ಟಿಗೆಯಂಥ ವಸ್ತು. ಒಳಗೆ ತುಕ್ಕು ಹಿಡಿಯದ ಉಕ್ಕಿನ ತೆಳು ಫಲಕಗಳು ಒಂದರ ಮೇಲೊಂದು. ಒಂದು ಸಂದಿನಲ್ಲಿ ಬಾಯ್ಲರಿನ ಬಿಸಿನೀರು, ಪಕ್ಕದ ಸಂದಿನಲ್ಲಿ ನಲ್ಲಿಗೆ ಹೋಗುವ ತಣ್ಣೀರು, ಮತ್ತೆ ಬಿಸಿ, ಮತ್ತೆ ತಣ್ಣೀರು. ಎರಡೂ ಎದುರು ಬದುರಾಗಿ ಹರಿಯುತ್ತವೆ. ಒಂದರೊಳಗೊಂದು ಬೆರೆಯುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ಹೊರಬರುವ ನೀರು ಎಷ್ಟು ಬಿಸಿಯಾಗಿದೆ ಎಂದು ಇನ್ನೊಂದು ಗ್ರಾಹಕ ನೋಡುತ್ತಿರುತ್ತದೆ. ಹೆಚ್ಚಾದರೆ ಬೆಂಕಿಯನ್ನು ತಗ್ಗಿಸುತ್ತದೆ, ಕಡಿಮೆಯಾದರೆ ಏರಿಸುತ್ತದೆ. ಅತ್ತೆ ಒಲೆಯ ಮುಂದೆ ಕುಳಿತು ಕಟ್ಟಿಗೆ ಹಿಂದೆಳೆದು ಮುಂದೆ ತಳ್ಳುತ್ತಾರಲ್ಲ, ಆ ಕೆಲಸವನ್ನೇ ಅದು ಸೆಕೆಂಡಿಗೆ ಹಲವು ಬಾರಿ ಮಾಡುತ್ತದೆ. ಸ್ನಾನ ಮುಗಿಯುವ ತನಕ ಕೋಣೆಗಳಿಗೆ ಶಾಖ ಹೋಗುವುದಿಲ್ಲ. ಹತ್ತು ನಿಮಿಷದಲ್ಲಿ ಮನೆ ತಣ್ಣಗಾಗದು, ಮೈ ಮಾತ್ರ ನಡುಗುತ್ತದೆ ಎಂಬುದು ಅದನ್ನು ರಚಿಸಿದವರ ಲೆಕ್ಕಾಚಾರ.

ಸಾಮಾನ್ಯವಾದ ಒಂದು ಕಾಂಬಿ ಬಾಯ್ಲರಿನ ಶಕ್ತಿ 24 ಕಿಲೊವಾಟ್. ಅಲ್ಲಿನ ಚಳಿಯ ನೀರನ್ನು 35 ಡಿಗ್ರಿ ಏರಿಸಬೇಕಾದರೆ ಅದು ನಿಮಿಷಕ್ಕೆ 10 ಲೀಟರಿಗಿಂತ ತುಸು ಕಡಿಮೆ ಕೊಡಬಲ್ಲದು. ಇಬ್ಬರು ಒಟ್ಟಿಗೆ ನಲ್ಲಿ ತಿರುಗಿಸಿದರೆ ಇಬ್ಬರಿಗೂ ಅರ್ಧರ್ಧ. ಇಲ್ಲಿ ಹಂಡೆ ಕೊಂಚ ಗೆಲ್ಲುತ್ತದೆ ಅನ್ನಿ. ಕಾದ ಹಂಡೆಯಿಂದ ಎಷ್ಟು ಬೇಗ ಬೇಕಾದರೂ ನೀರು ಮೊಗೆಯಬಹುದು.

ಇಲ್ಲಿಗೆ ಅತ್ತೆಯ ಮೊದಲ ಪ್ರಶ್ನೆಗೆ ಉತ್ತರವಾಯಿತು. ಒಲೆ ಪೆಟ್ಟಿಗೆಯೊಳಗೇ ಇದೆ, ನಮ್ಮ ಒಲೆಗಿಂತ ದೊಡ್ಡದಾಗಿಯೇ ಇದೆ. ಇನ್ನು ಹೊಗೆ.

ಬೆಂಕಿಗೆ ಉಸಿರು ಬೇಕು. ದೊಡ್ಡ ಬೆಂಕಿಗೆ ದೊಡ್ಡ ಉಸಿರು. ಒಂದು ಕಿಲೊಗ್ರಾಂ ಅಡುಗೆ ಅನಿಲ ಪೂರ್ತಿಯಾಗಿ ಉರಿಯಲು ಸುಮಾರು 13 ಘನಮೀಟರ್ ಗಾಳಿ ಬೇಕು. ನಾವು ಲೆಕ್ಕ ಮಾಡಿದ ನಿಮಿಷಕ್ಕೆ ಆರು ಲೀಟರಿನ ಗ್ಯಾಸ್ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಸುಮಾರು ಒಂದು ಕಿಲೊಗ್ರಾಂ ಅನಿಲ ತಿನ್ನುತ್ತದೆ. ಈಗ ನಿಮ್ಮ ಮನೆಯ ಹೊಸ ಬಚ್ಚಲನ್ನು ನೆನೆಯಿರಿ: ನಾಲ್ಕಡಿ ಅಗಲ, ಐದಡಿ ಉದ್ದ, ಎಂಟಡಿ ಎತ್ತರ. ಅದರೊಳಗಿನ ಗಾಳಿಯೆಲ್ಲ ಸೇರಿ ನಾಲ್ಕೂವರೆ ಘನಮೀಟರ್. ಬಾಗಿಲು, ಕಿಟಕಿ ಮುಚ್ಚಿದ್ದರೆ 20 ನಿಮಿಷದ ಉರಿಗೆ ಬೇಕಾದ ಗಾಳಿ ಆ ಕೋಣೆಯ ಇಡೀ ಗಾಳಿಯಷ್ಟು. ಒಳಗೆ ನೀವೂ ಇದ್ದೀರಿ.

ಆದರೆ ಅಪಾಯ 20 ನಿಮಿಷದ ತನಕ ಕಾಯುವುದಿಲ್ಲ. ಕೋಣೆಯ ಆಮ್ಲಜನಕ ಸ್ವಲ್ಪ ಕಡಿಮೆಯಾಗುತ್ತಿದ್ದಂತೆಯೇ ಉರಿ ಅರೆಬರೆಯಾಗುತ್ತದೆ. ಇಂಗಾಲಕ್ಕೆ ಸಾಕಷ್ಟು ಆಮ್ಲಜನಕ ಸಿಗದೆ ಕಾರ್ಬನ್ ಡೈಆಕ್ಸೈಡಿನ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಸುವುದಿಲ್ಲ. ನಮ್ಮ ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಕೂತುಬಿಡುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕೈಕಾಲಿನ ಬಲ ಹೋಗುತ್ತದೆ. ಚಿಲಕ ಎರಡಡಿ ದೂರದಲ್ಲಿದ್ದರೂ ಎದ್ದು ತೆಗೆಯಲಾಗುವುದಿಲ್ಲ.

2023ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಒಂದು ಯುವ ಜೋಡಿ, 2025ರ ಅಕ್ಟೋಬರಿನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಇಬ್ಬರು ಸಹೋದರಿಯರು ಬಚ್ಚಲಲ್ಲೇ ಪ್ರಾಣ ಬಿಟ್ಟ ಸುದ್ದಿಗಳಲ್ಲಿ ಗ್ಯಾಸ್ ಗೀಸರಿನ ಹೆಸರು ಬಂತು. ಇವು ಮೊದಲನೆಯವೂ ಅಲ್ಲ. ಇಂಥ ಸುದ್ದಿಗಳಿಗೆ ‘ಅನಿಲ ಸೋರಿಕೆ’ ಎಂಬ ತಲೆಬರಹ ರೂಢಿಯಾಗಿದೆ. ಈ ಮಾತು ನನಗೆ ಹಿಡಿಸುವುದಿಲ್ಲ. ಸೋರಿಕೆ ಎಂದ ಕೂಡಲೇ ಜನ ಮೂಗಿನ ಮೇಲೆ ಭರವಸೆ ಇಡುತ್ತಾರೆ. ಅಡುಗೆ ಅನಿಲ ಸೋರಿದರೆ ತಿಳಿಯಲಿ ಎಂದೇ ಅದಕ್ಕೆ ಕೆಟ್ಟ ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಆದರೆ ಉರಿದ ಮೇಲೆ ಆ ವಾಸನೆ ಉಳಿಯುವುದಿಲ್ಲ. ರಬ್ಬರ್ ಕೊಳವೆ ಹೊಚ್ಚ ಹೊಸದಿರಬಹುದು, ಎಲ್ಲಿಯೂ ಒಂದು ಹನಿ ಅನಿಲ ಸೋರದಿರಬಹುದು, ಗೀಸರ್ ಚೆನ್ನಾಗಿಯೇ ಕೆಲಸ ಮಾಡುತ್ತಿರಬಹುದು. ಕೋಣೆ ಮುಚ್ಚಿದ್ದರೆ ಅಷ್ಟೇ ಸಾಕು.

ಕಾಂಬಿ ಬಾಯ್ಲರಿನಲ್ಲಿ ಈ ತೊಡಕನ್ನು ಹೇಗೆ ಬಿಡಿಸಿದ್ದಾರೆ ನೋಡಿ. ಅದರ ಬೆಂಕಿ ಬಿಗಿಯಾಗಿ ಮುಚ್ಚಿದ ಡಬ್ಬಿಯೊಳಗೆ ಉರಿಯುತ್ತದೆ. ಆ ಡಬ್ಬಿಗೂ ಮನೆಯೊಳಗಿನ ಗಾಳಿಗೂ ಸಂಪರ್ಕವೇ ಇಲ್ಲ. ಗೋಡೆಯನ್ನು ತೂರಿ ಹೊರಗೆ ಹೋಗುವ ಒಂದು ಕೊಳವೆ, ಅದರೊಳಗೆ ಇನ್ನೊಂದು ಕೊಳವೆ. ಒಳಗಿನದರಲ್ಲಿ ಹೊಗೆ ಹೊರಗೆ ಹೋಗುತ್ತದೆ, ಸುತ್ತಲಿನ ಸಂದಿನಲ್ಲಿ ಹೊರಗಿನ ತಾಜಾ ಗಾಳಿ ಬೆಂಕಿಗೆ ಬರುತ್ತದೆ. ಒಂದು ಫ್ಯಾನು ಇದನ್ನು ನಡೆಸುತ್ತದೆ. ಫ್ಯಾನು ನಿಂತರೆ ಬೆಂಕಿ ಹೊತ್ತುವುದಿಲ್ಲ. ಈಚಿನ ಬಾಯ್ಲರುಗಳಲ್ಲಿ ಹೊಗೆಯನ್ನು ಎಷ್ಟು ತಣಿಸುತ್ತಾರೆಂದರೆ, ಉರಿಯುವಾಗ ಹುಟ್ಟಿದ ನೀರಾವಿ ಒಳಗೇ ನೀರಾಗಿ ಇಳಿದು ತನ್ನ ಗುಪ್ತೋಷ್ಣವನ್ನೂ ಬಿಟ್ಟುಕೊಡುತ್ತದೆ. ಒಂದು ಕಿಲೊಗ್ರಾಂ ಮೀಥೇನ್ ಉರಿದರೆ ಎರಡೂಕಾಲು ಕಿಲೊಗ್ರಾಂ ನೀರು ಹುಟ್ಟುತ್ತದೆ ಎಂದರೆ ನಂಬುತ್ತೀರಾ? ಸಮೀಕರಣ ಬರೆದು ತಾಳೆ ನೋಡಿ. ಇಷ್ಟೆಲ್ಲ ಇದ್ದೂ ಬಾಯ್ಲರ್ ಇರುವ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಪತ್ತೆಮಾಡುವ ಗಂಟೆಯನ್ನೂ ಇಡಬೇಕೆಂದು ಅಲ್ಲಿನವರು ಹೇಳುತ್ತಾರೆ. ಅವರಿಗೆ ಈ ಪಾಠ ಸುಲಭವಾಗಿ ಬಂದದ್ದಲ್ಲ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬಾತ ಹರಿಯುವ ನೀರನ್ನು ಅನಿಲದ ಉರಿಯಿಂದ ಕಾಯಿಸುವ ಯಂತ್ರ ಮಾಡಿ, ಐಸ್‌ಲ್ಯಾಂಡಿನ ಬಿಸಿನೀರ ಬುಗ್ಗೆಯ ಹೆಸರನ್ನು ನೆನೆದು ಅದಕ್ಕೆ ‘ಗೀಸರ್’ ಎಂದು ಹೆಸರಿಟ್ಟ. ನಾವು ದಿನವೂ ಆಡುವ ಮಾತು ಅಲ್ಲಿಂದ ಬಂತು. ಆ ಯಂತ್ರಕ್ಕೆ ಹೊಗೆಯ ಕೊಳವೆ ಇರಲಿಲ್ಲ! ಮುಚ್ಚಿದ ಬಚ್ಚಲಲ್ಲಿ ಗೋಡೆಗೆ ತೂಗುಹಾಕಿದ ನಮ್ಮ ಅಗ್ಗದ ಗೀಸರ್ ಈ ಒಂದು ವಿಷಯದಲ್ಲಿ ಇನ್ನೂ 1868ರಲ್ಲೇ ಇದೆ.

ದೇವಾಪುರದ ಹಳೆಯ ಮನೆಗಳ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತದೆ. ಒಲೆಯ ಹೊಗೆ ಅಲ್ಲಿಂದ ಹೋಗುತ್ತದೆ, ಬಾಗಿಲ ಸಂದಿನಿಂದ ಗಾಳಿ ಬರುತ್ತದೆ. ಹೊಗೆ ಕಣ್ಣಿಗೆ, ಎದೆಗೆ ಕೆಟ್ಟದ್ದು, ಅದನ್ನು ಹೊಗಳುತ್ತಿಲ್ಲ. ಆದರೆ ಅದು ಕಾಣಿಸುತ್ತದೆ, ಕೆಮ್ಮಿಸುತ್ತದೆ, ಹೊರಗೆ ಓಡಿಸುತ್ತದೆ. ಗೀಸರಿನ ನೀಲಿ ಜ್ವಾಲೆ ಹಾಗೆ ಎಚ್ಚರಿಸುವುದಿಲ್ಲ. ಹೊಸ ಮನೆ ಕಟ್ಟುವಾಗ ಬೆಳಕಿಂಡಿ ಹೋಯಿತು, ಬಾಗಿಲು ಬಿಗಿಯಾಯಿತು, ಗೋಡೆಗೆ ಟೈಲ್ಸ್ ಬಂತು, ಚಳಿ ಬರುತ್ತದೆಂದು ಇದ್ದೊಂದು ಗವಾಕ್ಷಿಗೂ ರಟ್ಟು ಬಡಿದದ್ದಾಯಿತು. ಅತ್ತೆಯ ಮನೆಯಲ್ಲೂ ಹಿಂಭಾಗದಲ್ಲಿ ಮಗ ಕಟ್ಟಿಸಿದ ಹೊಸ ಬಚ್ಚಲಲ್ಲಿ ಹೀಗೆಯೇ ಒಂದು ಗ್ಯಾಸ್ ಗೀಸರನ್ನು ಒಳಗೋಡೆಗೆ ಹೊಡೆದಿದ್ದರು. ಕೂಡಿಸಿಕೊಟ್ಟವನು ಹೊಗೆಯ ಮಾತೇ ಎತ್ತಿರಲಿಲ್ಲ. ಒಂದು ದಿನ ಸೊಸೆ ಸ್ನಾನ ಮುಗಿಸಿ ಬಂದು ತಲೆ ಸಿಡಿಯುತ್ತಿದೆ ಎಂದು ಮಲಗಿದಳು. ಪಿತ್ತ ಎಂದುಕೊಂಡರು. ಅತ್ತೆ ವಿಡಿಯೋ ಕರೆಯಲ್ಲಿ ಹೊಗೆಯ ಪ್ರಶ್ನೆ ಕೇಳಿದ್ದು ಅದಾದ ವಾರದೊಳಗೆ. ಅವರಿಗೆ ಏನೋ ಅನುಮಾನ ಇತ್ತೆಂದು ನನಗೆ ಈಗ ಅನಿಸುತ್ತದೆ.

ನಿಮ್ಮ ಮನೆಯಲ್ಲಿ, ಹಾಸ್ಟೆಲಿನಲ್ಲಿ, ಬಾಡಿಗೆ ಕೋಣೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದು ಎಲ್ಲಿದೆ ಎಂದು ಇವತ್ತೇ ಹೋಗಿ ನೋಡಿ. ಅದರ ಜಾಗ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ. ಒಳಗೆ ಬರಬೇಕಾದದ್ದು ಬಿಸಿನೀರಿನ ಕೊಳವೆ ಮಾತ್ರ. ಬದಲಾಯಿಸುವ ತನಕ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಿ, ಗೀಸರನ್ನೂ ಸಿಲಿಂಡರನ್ನೂ ಬಂದ್ ಮಾಡಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿ. ಒಬ್ಬರಾದ ಮೇಲೊಬ್ಬರು ಎಡೆಬಿಡದೆ ಸ್ನಾನ ಮಾಡುವ ಹಬ್ಬದ ದಿನ ಇನ್ನೂ ಎಚ್ಚರ ಬೇಕು, ಮೊದಲನೆಯವರು ಕೆಡಿಸಿದ ಗಾಳಿಯೊಳಗೆ ಎರಡನೆಯವರು ಹೋಗುತ್ತಾರೆ. ಜ್ವಾಲೆ ಹಳದಿಯಾಗಿದ್ದರೆ, ಮಸಿ ಕಟ್ಟುತ್ತಿದ್ದರೆ ಬಳಸಬೇಡಿ. ನೀಲಿಯಾಗಿದ್ದರೆ ಭಯವಿಲ್ಲ ಎಂದೂ ತಿಳಿಯಬೇಡಿ.

ಒಳಗೆ ಹೋದವರು ಕೂಗಿದರೆ ಓಗೊಡದಿದ್ದಾಗ ಸಂಕೋಚ ಬೇಡ, ಬಾಗಿಲು ಒಡೆಯಿರಿ. ಉಸಿರು ಬಿಗಿಹಿಡಿದು ಒಳಹೋಗಿ ಮೊದಲು ಅವರನ್ನು ಹೊರಗೆ, ಬಯಲಿಗೆ ತನ್ನಿ. ಅನಿಲ ಬಂದ್ ಮಾಡಿಸಿ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ “ಗ್ಯಾಸ್ ಗೀಸರ್ ಇದ್ದ ಬಚ್ಚಲಲ್ಲಿ ಬಿದ್ದಿದ್ದರು” ಎಂಬುದನ್ನು ಮರೆಯದೆ ಹೇಳಿ. ಕೊರೊನಾ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರನ್ನು ಬೆರಳಿಗೆ ಹಾಕಿ ನಿಶ್ಚಿಂತರಾಗಬೇಡಿ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದಿ, 98 ಎಂದು ತೋರಿಸಬಹುದು.

ಅತ್ತೆಯ ಮನೆಯ ಗೀಸರ್ ಈಗ ಹಿತ್ತಲಿನ ಗೋಡೆಯ ಮೇಲಿದೆ. ಮೇಲೆ ಮಳೆಗೆ ಒಂದು ತಗಡು, ಸುತ್ತಲೂ ಬಯಲು. ಅಲ್ಲಿಂದ ಬಚ್ಚಲಿಗೆ ಎಂಟಡಿ ಉದ್ದದ ಅರ್ಧ ಇಂಚಿನ ಕೊಳವೆ. ಕೊಳವೆಯಲ್ಲಿ ನಿಂತ ತಣ್ಣೀರು ಮೊದಲು ಬರುತ್ತದೆಂದು ಮನೆಯವರ ದೂರು. ಲೆಕ್ಕ ಮಾಡಿದರೆ ಅದು ಸುಮಾರು 300 ಮಿಲಿಲೀಟರ್, ಮೂರು ಸೆಕೆಂಡಿನ ಹರಿವು. ಅತ್ತೆ ಆ ನೀರನ್ನು ತಂಬಿಗೆಯಲ್ಲಿ ಹಿಡಿದು ತುಳಸಿಗೆ ಹಾಕುತ್ತಾರೆ. ಅವರ ಸ್ನಾನಕ್ಕೆ ಮಾತ್ರ ಇಂದಿಗೂ ಹಂಡೆಯ ನೀರೇ ಆಗಬೇಕು.